ಅಪ್ಪನ ಅರ್ಜಿಯಲ್ಲಿ ಒಂದು ಪ್ರಶ್ನೆ: ಅಮೆರಿಕದ ಕನ್ಸರ್ವೇಟಿವ್‌ಗಳು ಕಮ್ಯುನಿಸಮ್ಮನ್ನು ಹೇಗೆ ಕಂಡರು?

ಹತ್ತಿಗಿರಣಿ · ಮೂಲ ಬರಹ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಅಪ್ಪನ ಗ್ರೀನ್ ಕಾರ್ಡ್‌ಗಾಗಿ ಐ-485 ಅರ್ಜಿ ತುಂಬಲು ಕೂತಿದ್ವಿ. ಹುಟ್ಟಿದ ಊರು, ಮದುವೆಯ ತಾರೀಖು, ಪಾಸ್‌ಪೋರ್ಟ್ ನಂಬರ್ ಎಲ್ಲ ಬೇಗ ಮುಗೀತು. ಆಮೇಲೆ ಆ ಪ್ರಶ್ನೆ ಬಂತು: ಎಂದಾದರೂ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದಿರಾ, ಅದರ ಜೊತೆ ಸಂಬಂಧ ಇತ್ತಾ? ನನ್ನ ಪೌರತ್ವದ ಅರ್ಜಿ ತುಂಬುವಾಗ ಇಂಥದ್ದೇ ಪ್ರಶ್ನೆಗೆ ಒಂದು ಕ್ಷಣವೂ ಯೋಚಿಸದೆ 'ಇಲ್ಲ' ಅಂತ ಗುರುತು ಹಾಕಿದ್ದೆ. ಅಪ್ಪ ಮಾತ್ರ ಸುಮ್ಮನಾಗಿಬಿಟ್ಟರು.

ಅಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಯೂನಿಯನ್ ಎಐಟಿಯುಸಿಗೆ, ಅಂದರೆ ಕಮ್ಯುನಿಸ್ಟ್ ಪಕ್ಷದ ನಂಟಿದ್ದ ಕಾರ್ಮಿಕ ಒಕ್ಕೂಟಕ್ಕೆ, ಸೇರಿತ್ತು. ಕೆಂಪು ಬಾವುಟ ಹಿಡಿದಿದ್ದಾರೆ, ಮೇ ದಿನದ ಮೆರವಣಿಗೆಯಲ್ಲಿ ನಡೆದಿದ್ದಾರೆ, ಬೋನಸ್ಸಿಗಾಗಿ ಗೇಟಿನ ಮುಂದೆ ರಾತ್ರಿಯಿಡೀ ಕೂತಿದ್ದಾರೆ. ಪಕ್ಷಕ್ಕೆ ಮಾತ್ರ ಸೇರಿರಲಿಲ್ಲ. ಆದರೂ 'ಇಲ್ಲ' ಅನ್ನಲು ಅವರಿಗೆ ಏನೋ ಸಂಕಟ. "ಸೋವಿಯತ್ ಒಕ್ಕೂಟ ಹೋಗಿ ಮೂವತ್ತು ವರ್ಷ ದಾಟ್ತಲ್ಲಮ್ಮ, ಇನ್ನೂ ಯಾಕೆ ಕೇಳ್ತಾರೆ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಜಿಯ ವಿಷಯಕ್ಕೆ ವಕೀಲರನ್ನು ಕೇಳಿದ್ದೇನೆ, ಅದು ಬೇರೆ. ನನಗೆ ಬೇಕಾಗಿರುವುದು ಅಪ್ಪನ ಪ್ರಶ್ನೆಗೆ ಉತ್ತರ. ಈ ಭಯ ಎಲ್ಲಿಂದ ಬಂತು? ಕನ್ಸರ್ವೇಟಿವ್‌ಗಳೆಲ್ಲ ಒಂದೇ ಥರ ಯೋಚಿಸುತ್ತಿದ್ದರಾ? ನನಗೆ ಗೊತ್ತಿರೋದು ಮೆಕಾರ್ಥಿ, ರೇಗನ್ ಎರಡೇ ಹೆಸರು.

ಹಳೇಪತ್ರಿಕೆ

ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ ತಾಯಿ. ನಾನು ಈ ಕಾಲದ ಪತ್ರಿಕೆಗಳನ್ನು ನಲವತ್ತು ವರ್ಷದಿಂದ ಓದಿಕೊಂಡು ಬಂದವನು. ಕಾನೂನಿನಿಂದಲೇ ಶುರು ಮಾಡುತ್ತೇನೆ.

ಒಂದೇ ವರ್ಷದ ಕಥೆ ಕೇಳಿ. 1949ರ ಸೆಪ್ಟೆಂಬರ್ 23ರಂದು ಅಧ್ಯಕ್ಷ ಟ್ರೂಮನ್, ಸೋವಿಯತ್ ಒಕ್ಕೂಟ ಅಣುಬಾಂಬ್ ಸ್ಫೋಟಿಸಿದೆ ಎಂದು ಪ್ರಕಟಿಸಿದರು. ಅಕ್ಟೋಬರ್ 1ಕ್ಕೆ ಮಾವೋ ಬೀಜಿಂಗಿನಲ್ಲಿ ಗಣರಾಜ್ಯ ಘೋಷಿಸಿದರು. ಜನವರಿಯಲ್ಲಿ ಸೋವಿಯತ್ ಗೂಢಚಾರ ಎಂಬ ಆರೋಪ ಹೊತ್ತಿದ್ದ ವಿದೇಶಾಂಗ ಇಲಾಖೆಯ ಮಾಜಿ ಅಧಿಕಾರಿ ಆಲ್ಜರ್ ಹಿಸ್‌ಗೆ ಸುಳ್ಳು ಸಾಕ್ಷ್ಯ ಹೇಳಿದ್ದಕ್ಕೆ ಶಿಕ್ಷೆ ಆಯಿತು. ಫೆಬ್ರವರಿಯ ಮೊದಲ ವಾರ ಅಣುಬಾಂಬಿನ ಗುಟ್ಟು ಕೊಟ್ಟ ವಿಜ್ಞಾನಿ ಕ್ಲೌಸ್ ಫುಕ್ಸ್ ಲಂಡನ್ನಿನಲ್ಲಿ ಸಿಕ್ಕಿಬಿದ್ದ. 9ನೇ ತಾರೀಖು ರಿಪಬ್ಲಿಕನ್ ಸೆನೆಟರ್ ಮೆಕಾರ್ಥಿ ವೆಸ್ಟ್ ವರ್ಜೀನಿಯಾದ ವೀಲಿಂಗ್ ಪಟ್ಟಣದಲ್ಲಿ, ವಿದೇಶಾಂಗ ಇಲಾಖೆಯೊಳಗಿನ ಕಮ್ಯುನಿಸ್ಟರ ಪಟ್ಟಿ ಕೈಯಲ್ಲಿ ಇದೆ ಎಂದು ಭಾಷಣ ಬಿಗಿದರು. ಜೂನ್ 25ಕ್ಕೆ ಕೊರಿಯಾ ಯುದ್ಧ. 1950ರ ಸೆಪ್ಟೆಂಬರ್ 23ರಂದು, ಅಂದರೆ ಬಾಂಬಿನ ಸುದ್ದಿ ಬಂದು ಸರಿಯಾಗಿ ಒಂದು ವರ್ಷಕ್ಕೆ, ಟ್ರೂಮನ್ ವೀಟೋ ಮಾಡಿದ್ದರೂ ಅದನ್ನು ಮೀರಿ ಸಂಸತ್ತು ಆಂತರಿಕ ಭದ್ರತಾ ಕಾಯಿದೆಯನ್ನು ಪಾಸು ಮಾಡಿತು. ಕಮ್ಯುನಿಸ್ಟ್ ಸದಸ್ಯರಿಗೆ ಅಮೆರಿಕದ ಬಾಗಿಲು ಹಾಕಿದ್ದು ಆ ಕಾಯಿದೆ. 1952ರ ವಲಸೆ ಕಾನೂನು ಅದನ್ನು ಮುಂದುವರಿಸಿತು. ಆಗಲೂ ಟ್ರೂಮನ್ ವೀಟೋ ಮಾಡಿದರು, ಆಗಲೂ ಸೋತರು. ನಿಮ್ಮ ತಂದೆಯವರ ಮುಂದೆ ಬಂದ ಪ್ರಶ್ನೆಗೆ ಬೇರು ಅಲ್ಲಿದೆ.

ಇನ್ನೊಂದು ವಿಷಯ. ಎರಡೂ ಕಾನೂನುಗಳಿಗೆ ಹೆಸರು ಕೊಟ್ಟ ನೆವಾಡಾದ ಸೆನೆಟರ್ ಪ್ಯಾಟ್ ಮೆಕ್ಯಾರನ್ ಡೆಮಾಕ್ರಟ್. ಕಮ್ಯುನಿಸಮ್ಮಿನ ಭಯ ಒಂದೇ ಪಕ್ಷದ ಸೊತ್ತಾಗಿರಲಿಲ್ಲ.

ಆ ಭಯ ಬರೀ ಕಲ್ಪನೆ ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. 1995ರಲ್ಲಿ ವೆನೋನಾ ಕಡತಗಳು, ಅಂದರೆ ಅಮೆರಿಕ ಬಿಡಿಸಿ ಓದಿದ್ದ ಸೋವಿಯತ್ ಗುಪ್ತ ಸಂದೇಶಗಳು, ಹೊರಬಂದಾಗ ಸೋವಿಯತ್ ಗೂಢಚಾರರು ಅಮೆರಿಕದ ಸರ್ಕಾರದೊಳಗೆ ನಿಜಕ್ಕೂ ಇದ್ದರೆಂಬುದು ಗೊತ್ತಾಯಿತು. ಮೆಕಾರ್ಥಿ ಮಾಡಿದ ಅನ್ಯಾಯವೇ ಬೇರೆ. ಕಳ್ಳರು ಇದ್ದ ಊರಲ್ಲಿ ಅವರು ದಾರಿಹೋಕರನ್ನೆಲ್ಲ ಹಿಡಿದರು. 1954ರಲ್ಲಿ ಸೆನೆಟ್ 67-22 ಮತಗಳಿಂದ ಅವರಿಗೆ ಛೀಮಾರಿ ಹಾಕಿತು.

ಓಹಾಯೋದವ

ಅಕ್ಕಾ, "ಎಲ್ಲ ಒಂದೇ ಥರ ಯೋಚಿಸುತ್ತಿದ್ದರಾ" ಅಂತ ಕೇಳಿದ್ರಲ್ಲ, ನನ್ನ ಮಟ್ಟಿಗೆ ಅದೇ ಮುಖ್ಯ. ನಾನು ಇಲ್ಲಿ ಹದಿನೆಂಟು ವರ್ಷದಿಂದ ಇದ್ದೀನಿ, ರಿಪಬ್ಲಿಕನ್ ಮತದಾರ. ನಮ್ಮ ರಾಜ್ಯದ ಸೆನೆಟರ್ ಒಬ್ಬರ ಬಗ್ಗೆ ಕನ್ನಡದಲ್ಲಿ ಯಾರೂ ಬರೆದಿದ್ದನ್ನು ನಾನು ನೋಡಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ರಾಬರ್ಟ್ ಟಾಫ್ಟ್, ಸಿನ್ಸಿನಾಟಿಯವರು, ಅಧ್ಯಕ್ಷರಾಗಿದ್ದ ಟಾಫ್ಟರ ಮಗ. ಜನ ಅವರನ್ನು 'ಮಿಸ್ಟರ್ ರಿಪಬ್ಲಿಕನ್' ಅಂತಲೇ ಕರೀತಿದ್ರು. ಅವರಷ್ಟು ಗಟ್ಟಿ ಕನ್ಸರ್ವೇಟಿವ್ ಆ ಕಾಲದಲ್ಲಿ ಇನ್ನೊಬ್ಬ ಇರಲಿಲ್ಲ. ಅಂಥವರು 1949ರ ಜುಲೈನಲ್ಲಿ, ಪಶ್ಚಿಮ ಯುರೋಪಿನ ಜೊತೆ ಸೇನಾ ಕೂಟ ಕಟ್ಟುವ ನೇಟೋ ಒಪ್ಪಂದದ ವಿರುದ್ಧ ಮತ ಹಾಕಿದರು. ಫಲಿತಾಂಶ 82-13. ಆ ಹದಿಮೂರರಲ್ಲಿ ಟಾಫ್ಟ್ ಒಬ್ಬರು.

ಕಮ್ಯುನಿಸಂ ಕಂಡರೆ ಅವರಿಗೆ ಪ್ರೀತಿ ಅಂತಲ್ಲ. ಅವರ ವಾದ ಹೀಗಿತ್ತು: ಯುರೋಪಿಗೆಲ್ಲ ಆಯುಧ ಹಂಚುತ್ತಾ ಹೋದರೆ ರಷ್ಯಾ ತನ್ನನ್ನು ಸುತ್ತುವರಿಯುತ್ತಿದ್ದಾರೆ ಅಂತ ತಿಳೀಬಹುದು. ಖರ್ಚು ಏರುತ್ತೆ, ತೆರಿಗೆ ಏರುತ್ತೆ. ಯುದ್ಧಕ್ಕೆ ಇಳಿಯುವ ಅಧಿಕಾರ ಸಂಸತ್ತಿನ ಕೈತಪ್ಪಿ ಒಬ್ಬ ಅಧ್ಯಕ್ಷನ ಕೈಗೆ ಹೋಗುತ್ತೆ. ಹೊರಗಿನ ಸರ್ವಾಧಿಕಾರವನ್ನು ಎದುರಿಸಲು ಹೋಗಿ ಮನೆಯೊಳಗೇ ಒಂದು ಭಾರಿ ಸರ್ಕಾರ ಕಟ್ಟಿಕೊಂಡುಬಿಟ್ಟರೆ ಗೆದ್ದದ್ದೇನು? ಕೊರಿಯಾಕ್ಕೆ ಟ್ರೂಮನ್ ಸೇನೆ ಕಳಿಸಿದ ದಿನಗಳಲ್ಲೇ ಟಾಫ್ಟ್ ಎದ್ದು ನಿಂತು, ಗೊತ್ತುವಳಿ ತಂದಿದ್ದರೆ ನಾನೇ ಮತ ಹಾಕುತ್ತಿದ್ದೆ, ಸಂಸತ್ತನ್ನು ಕೇಳದೆ ಕಳಿಸಿದ್ದು ತಪ್ಪು ಅಂದರು.

ಅವರನ್ನು ದೇವರು ಮಾಡೋದು ಬೇಡ. ಯುರೋಪಿನ ವಿಷಯಕ್ಕೆ ಕೈಕಟ್ಟಿ ಕೂತ ಮನುಷ್ಯ ತೈವಾನ್ ಕಾಯಬೇಕು ಅನ್ನುತ್ತಿದ್ದರು. ಮೆಕಾರ್ಥಿಯನ್ನು ತಡೆಯುವ ಶಕ್ತಿ ಇದ್ದೂ ತಡೆಯಲಿಲ್ಲ. ಅದು ನನಗೆ ಇವತ್ತಿಗೂ ನೋವಿನ ಸಂಗತಿ.

ದೊಡ್ಡ ಸರ್ಕಾರದ ಬಗ್ಗೆ ಟಾಫ್ಟ್ ಅವರಿಗಿದ್ದ ಭಯ ಮುಂದೇನಾಯ್ತು ಗೊತ್ತಾ? ವಿಲಿಯಂ ಬಕ್ಲಿ ಇನ್ನೂ ಇಪ್ಪತ್ತಾರರ ಹುಡುಗ. 1952ರಲ್ಲಿ ಒಂದು ಲೇಖನ ಬರೆದು, ಸೋವಿಯತ್ ಅಪಾಯ ಇರುವಷ್ಟು ಕಾಲ ದೊಡ್ಡ ಸರ್ಕಾರವನ್ನೂ ದೊಡ್ಡ ಸೇನೆಯನ್ನೂ ಭಾರಿ ತೆರಿಗೆಯನ್ನೂ ಕನ್ಸರ್ವೇಟಿವ್‌ಗಳು ಸಹಿಸಲೇಬೇಕು ಅಂದರು. ಮೂರು ವರ್ಷದ ನಂತರ ಅವರು ಶುರುಮಾಡಿದ ಪತ್ರಿಕೆ ಇಡೀ ಚಳವಳಿಯ ದನಿಯಾಯಿತು. ಟಾಫ್ಟ್ ದಾರಿ ಅಲ್ಲಿಗೆ ಮುಚ್ಚಿತು. ಕನ್ಸರ್ವೇಟಿವ್‌ಗಳು ಕಮ್ಯುನಿಸಮ್ಮಿನ ವಿರುದ್ಧ ಹೋರಾಡಲು, ಸರ್ಕಾರ ಚಿಕ್ಕದಿರಬೇಕು ಅನ್ನೋ ತಮ್ಮ ಅತಿ ಹಳೆಯ ನಂಬಿಕೆಯನ್ನೇ ಒತ್ತೆ ಇಟ್ಟರು. ಬಿಡಿಸಿಕೊಂಡರಾ ಅನ್ನೋದು ನನ್ನ ಪ್ರಶ್ನೆ.

ಧಾರವಾಡಿ

ಟಾಫ್ಟ್ ಅವರ ಕಥಿ ಛಲೋ ಐತ್ರಿ. ಆದ್ರ ಅವರು ಸೋತ್ರು. ಗೆದ್ದವರು ಏನ್ ಮಾಡಿದ್ರು ಅದನ್ನ ನೋಡೂಣು.

1952ರಾಗ ರಿಪಬ್ಲಿಕನ್ ಪಕ್ಷದ ಪ್ರಣಾಳಿಕೆಯೊಳಗ, ಮುಂದ ಐಸೆನ್ಹೋವರ್ ಸರ್ಕಾರದಾಗ ವಿದೇಶಾಂಗ ಮಂತ್ರಿ ಆದ ಜಾನ್ ಫಾಸ್ಟರ್ ಡಲ್ಲೆಸ್ ಬರದದ್ದು ಏನಂದ್ರ, ಕಮ್ಯುನಿಸಂ ಮುಂದ ಹರಡದಂಗ ತಡದು ನಿಲ್ಲಿಸೂದು ಅಷ್ಟ ಅಂದ್ರ ಅದು ಅನೈತಿಕ, ಪೂರ್ವ ಯುರೋಪಿನ ಮಂದಿಗೆ ಬಿಡುಗಡೆ ಆಗಬೇಕು ಅಂತ. ಮಂದಿ ನಂಬಿದ್ರು. 1956ರ ಅಕ್ಟೋಬರ್ 23ಕ್ಕ ಬುಡಾಪೆಸ್ಟ್‌ನ್ಯಾಗ ಹುಡುಗ್ರು ರಸ್ತೆಗಿಳದ್ರು. ಅಮೆರಿಕದ ದುಡ್ಡಿನ ರೇಡಿಯೋ ಅವರಿಗೆ ಹುರುಪು ಕೊಡ್ತಿತ್ತು. ನವೆಂಬರ್ 4ಕ್ಕ ಸೋವಿಯತ್ ಟ್ಯಾಂಕ್ ಒಳಗ ಬಂದ್ವು. ಸುಮಾರು 2500 ಹಂಗೇರಿಯನ್ನರು ಸತ್ರು, ಎರಡು ಲಕ್ಷ ಮಂದಿ ದೇಶಾ ಬಿಟ್ಟು ಓಡಿದ್ರು. ವಾಷಿಂಗ್ಟನ್‌ನಿಂದ ಒಬ್ಬ ಸಿಪಾಯಿನೂ ಬರಲಿಲ್ಲ. ಎರಡು ದಿನಕ್ಕ ರಿಪಬ್ಲಿಕನ್ ಅಧ್ಯಕ್ಷ ಐಸೆನ್ಹೋವರ್ ಎರಡನೇ ಸಲ ಆರಿಸಿ ಬಂದ್ರು.

ಸೇನಾ ಕಳಿಸಿದ್ರ ಅಣುಯುದ್ಧ ಆಗ್ತಿತ್ತು, ಕಳಿಸದ್ದು ಶಾಣ್ಯಾತನ, ನಾ ಒಪ್ತೀನಿ. ಆದ್ರ ಕಳಿಸೂದಿಲ್ಲ ಅಂತ ಗೊತ್ತಿದ್ದ ಮ್ಯಾಲೆ ಬಿಡುಗಡೆ ಅನ್ನೂ ಮಾತು ಯಾಕ ಆಡಬೇಕಾಗಿತ್ತು? ಆ ಮಾತು ನಂಬಿ ಸತ್ತ ಹುಡುಗ್ರ ಲೆಕ್ಕ ಯಾರು ಕೊಡೂದು?

ಶರಾವತಿಹಿನ್ನೀರು

ಹಂಗೇರಿಯಲ್ಲಿ ಮಾತಾಡಿ ಸುಮ್ಮನಾದರು. ಎರಡು ವರ್ಷ ಹಿಂದೆ ಗ್ವಾಟೆಮಾಲಾದಲ್ಲಿ ಸುಮ್ಮನಿರಲಿಲ್ಲ.

ನಮ್ಮದು ಸಾಗರದ ಕಡೆ. ನಮ್ಮಜ್ಜ ಗೇಣಿದಾರರು. ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ, ನಡೆಸಿದವರು ಸಮಾಜವಾದಿಗಳು ಮತ್ತು ರೈತರು, ಬೆಂಬಲಕ್ಕೆ ಬಂದ ಲೋಹಿಯಾ ಬಂಧನಕ್ಕೊಳಗಾದರು. ಭೂಮಿ ಕೈಗೆ ಬಂದದ್ದು ಭೂಸುಧಾರಣಾ ಕಾಯಿದೆಗೆ 1974ರ ತಿದ್ದುಪಡಿ ಆದಮೇಲೆ. ಅಜ್ಜ ಫಾರಂ 7 ತುಂಬಿ ಭೂ ನ್ಯಾಯಮಂಡಳಿ ಮುಂದೆ ನಿಂತ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಯಾರೂ ಅವರನ್ನು ಮಾಸ್ಕೋದ ಏಜೆಂಟ್ ಅನ್ನಲಿಲ್ಲ.

ಗ್ವಾಟೆಮಾಲಾದ ಅಧ್ಯಕ್ಷ ಅರ್ಬೆನ್ಸ್ 1952ರಲ್ಲಿ ತಂದ ಕಾನೂನು ದೊಡ್ಡ ಎಸ್ಟೇಟುಗಳ ಪಾಳು ಭೂಮಿಯನ್ನು ಮಾತ್ರ ರೈತರಿಗೆ ಹಂಚುವಂಥದ್ದು. ಪರಿಹಾರವನ್ನೂ ಕೊಟ್ಟರು. ತೆರಿಗೆ ಕಟ್ಟುವಾಗ ಮಾಲೀಕರೇ ಬರೆದುಕೊಟ್ಟಿದ್ದ ಬೆಲೆಯೇ ಪರಿಹಾರದ ಬೆಲೆ. ಅಲ್ಲಿ ಭಾರಿ ಬಾಳೆ ತೋಟಗಳಿದ್ದ ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿಗೆ ಹಾಗೆ ಸಿಗಬೇಕಾದದ್ದು ಸುಮಾರು 6 ಲಕ್ಷ 27 ಸಾವಿರ ಡಾಲರ್. ಕಂಪನಿಯ ಪರವಾಗಿ ಅಮೆರಿಕ ಸರ್ಕಾರ ಕೇಳಿದ್ದು ಒಂದೂವರೆ ಕೋಟಿಗೂ ಹೆಚ್ಚು. ಅರ್ಬೆನ್ಸ್ ಸುತ್ತ ಕಮ್ಯುನಿಸ್ಟರಿದ್ದರು, ನಿಜ. ಆದರೆ ಹಸಿದ ರೈತನಿಗೆ ಭೂಮಿ ಕೊಟ್ಟರೆ ಅವನು ಕಮ್ಯುನಿಸ್ಟ್ ಆಗುತ್ತಾನಾ, ಕೊಡದಿದ್ದರೆ ಆಗುತ್ತಾನಾ? 1954ರ ಜೂನ್‌ನಲ್ಲಿ ಸಿಐಎ ನೆರವಿನ ದಂಗೆಯಲ್ಲಿ ಅರ್ಬೆನ್ಸ್ ಹೋದರು. ಭೂಮಿ ವಾಪಸ್ ಕಿತ್ತುಕೊಂಡರು. 1960ರಿಂದ 1996ರವರೆಗೆ ಅಂತರ್ಯುದ್ಧ, ಸತ್ತವರು ಮತ್ತು ಕಾಣೆಯಾದವರು ಎರಡು ಲಕ್ಷ.

ನನಗೆ ಅತ್ಯಂತ ದುಃಖ ತರುವುದು ಇದು. ಭೂಸುಧಾರಣೆಯೇ ಕಮ್ಯುನಿಸಮ್ಮಿಗೆ ಮದ್ದು ಎಂದು ಅಮೆರಿಕನ್ನರಿಗೆ ಗೊತ್ತಿತ್ತು! ಸೋತ ಜಪಾನಿನಲ್ಲಿ ಗೇಣಿದಾರರಿಗೆ ಭೂಮಿ ಕೊಡಿಸಿದ್ದು ಕನ್ಸರ್ವೇಟಿವ್‌ಗಳ ಆರಾಧ್ಯದೈವ ಜನರಲ್ ಮೆಕಾರ್ಥರ್. ಆ ಕೆಲಸದ ಹಿಂದಿದ್ದ ತಜ್ಞ ಉಲ್ಫ್ ಲೆಡೆಜಿನ್ಸ್ಕಿ, ಬೋಲ್ಶೆವಿಕ್ಕರಿಂದ ತಪ್ಪಿಸಿಕೊಂಡು ಬಂದ ಮನುಷ್ಯ. ನಂತರ ಭಾರತಕ್ಕೂ ಬಂದು ಇಲ್ಲಿಯ ಗೇಣಿ ಪದ್ಧತಿ ಅಧ್ಯಯನ ಮಾಡಿದ್ದರು. ಅಂಥವರನ್ನು 1954ರ ಕೊನೆಗೆ ಐಸೆನ್ಹೋವರ್ ಸರ್ಕಾರದ ಕೃಷಿ ಇಲಾಖೆ 'ಭದ್ರತೆಗೆ ಅಪಾಯ' ಎಂದು ಹೊರಹಾಕಿತು. ಎಡಪಂಥವನ್ನು ತಡೆಯಲು ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದವನ ಮೇಲೆಯೇ ಅನುಮಾನ.

ಹಳೇಪತ್ರಿಕೆ

ಶರಾವತಿಯವರೇ, ನಿಮ್ಮಜ್ಜನ ಕಥೆ ಮನಸ್ಸಿಗೆ ತಟ್ಟಿತು. ಗ್ವಾಟೆಮಾಲಾ ಬಗ್ಗೆ ನಾನು ವಾದ ಹೂಡುವುದಿಲ್ಲ, ಅದು ತಪ್ಪು. ಆದರೆ ಕನ್ಸರ್ವೇಟಿವ್‌ಗಳ ಪರವಾಗಿ ಹೇಳಬೇಕಾದ ಮಾತೊಂದಿದೆ, ಅದನ್ನು ನಾವು ಇಲ್ಲಿ ಯಾರೂ ಹೇಳಲಿಲ್ಲ.

ಸೋವಿಯತ್ ಶಿಬಿರಗಳಲ್ಲಿ ಏನು ನಡೆಯುತ್ತಿದೆ ಎಂದು ಅವರು ದಶಕಗಳ ಕಾಲ ಕೂಗಿ ಹೇಳಿದರು. ಓದಿದವರು, ಬುದ್ಧಿವಂತರು ಕಿವಿ ಮುಚ್ಚಿಕೊಂಡರು. ನಾನೂ ಅವರಲ್ಲಿ ಒಬ್ಬ. ನವಕರ್ನಾಟಕದಲ್ಲಿ ಕೆಲವೇ ರೂಪಾಯಿಗೆ ಸಿಗುತ್ತಿದ್ದ ಚೆಂದದ ರಷ್ಯನ್ ಪುಸ್ತಕಗಳನ್ನು ಓದಿ ಬೆಳೆದವನು ನಾನು. ಅಂಥ ಪುಸ್ತಕ ಅಚ್ಚು ಹಾಕುವ ದೇಶ ತನ್ನ ಲೇಖಕರನ್ನು ಸೈಬೀರಿಯಾಕ್ಕೆ ಅಟ್ಟುತ್ತದೆ ಎಂದು ಒಪ್ಪಲು ಬಹಳ ಕಾಲ ಹಿಡಿಯಿತು. ಆ ಶಿಬಿರಗಳ ಬಗ್ಗೆ ಬರೆದ ರಷ್ಯನ್ ಲೇಖಕ ಸೋಲ್ಝೆನಿತ್ಸಿನ್ ದೇಶಭ್ರಷ್ಟರಾಗಿ ಅಮೆರಿಕಕ್ಕೆ ಬಂದಾಗ, 1975ರ ಬೇಸಿಗೆಯಲ್ಲಿ, ಸೋವಿಯತ್ ನಾಯಕ ಬ್ರೆಝ್ನೆವ್ ಮುನಿಸಿಕೊಳ್ಳುತ್ತಾರೆಂದು ಅಧ್ಯಕ್ಷ ಫೋರ್ಡ್ ಅವರನ್ನು ಭೇಟಿಯಾಗಲಿಲ್ಲ. ಫೋರ್ಡ್ ರಿಪಬ್ಲಿಕನ್! ಅವರ ಪಕ್ಷದ ಕನ್ಸರ್ವೇಟಿವ್‌ಗಳು ಅದನ್ನು ಕ್ಷಮಿಸಲಿಲ್ಲ. ಮರುವರ್ಷ ರೇಗನ್ ಪಕ್ಷದ ಟಿಕೆಟ್ಟಿಗಾಗಿ ಫೋರ್ಡ್ ವಿರುದ್ಧವೇ ನಿಂತು, ಸ್ವಲ್ಪದರಲ್ಲೇ ಸೋತರು.

ಮುಂದೆ ರೇಗನ್ ಸರ್ಕಾರದಲ್ಲಿ ವಿಶ್ವಸಂಸ್ಥೆಗೆ ರಾಯಭಾರಿಯಾದ ಜೀನ್ ಕರ್ಕ್‌ಪ್ಯಾಟ್ರಿಕ್ 1979ರಲ್ಲಿ ಬರೆದ ಪ್ರಬಂಧವನ್ನೂ ನೋಡಬೇಕು. ಸಾಂಪ್ರದಾಯಿಕ ಸರ್ವಾಧಿಕಾರಿ ಒಂದಲ್ಲ ಒಂದು ದಿನ ಪ್ರಜಾಪ್ರಭುತ್ವಕ್ಕೆ ದಾರಿ ಬಿಡಬಹುದು, ಕಮ್ಯುನಿಸ್ಟ್ ಆಳ್ವಿಕೆ ಬಿಟ್ಟ ಉದಾಹರಣೆ ಇಲ್ಲ, ಆದ್ದರಿಂದ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂಬುದು ವಾದ. ದಕ್ಷಿಣ ಕೊರಿಯಾ, ತೈವಾನ್, ಚಿಲಿ ಅವರ ಅರ್ಧ ಮಾತನ್ನು ನಿಜ ಮಾಡಿದವು. ಉಳಿದರ್ಧ 1989ರಲ್ಲಿ ಬಿದ್ದುಹೋಯಿತು.

ಧಾರವಾಡಿ

ಸರ, ತಕ್ಕಡಿ ಮಾತು ಬಂತಲ್ಲ, 1971 ನೆನಪು ಮಾಡ್ತೀನಿ.

ನಿಕ್ಸನ್ ಅಂದ್ರ ಹಿಸ್‌ನ ಬೆನ್ನ ಹತ್ತಿ ಹೆಸರು ಗಳಿಸಿದ ಮನಷ್ಯಾ. ಕಮ್ಯುನಿಸ್ಟರ ಕಡು ವೈರಿ. ಅಂಥಾವರು ಪೂರ್ವ ಪಾಕಿಸ್ತಾನದಾಗ ಕೊಲಿ ನಡದಾಗ ಯಾಹ್ಯಾ ಖಾನ್‌ಗ ಒಂದು ಗಟ್ಟಿ ಮಾತು ಹೇಳಲಿಲ್ಲ. ಯಾಕಂದ್ರ ಅದ ಜುಲೈನಾಗ ಅವರ ಸಲಹೆಗಾರ ಕಿಸಿಂಜರ್ ಪಾಕಿಸ್ತಾನದ ಮೂಲಕ ಗುಟ್ಟಾಗಿ ಬೀಜಿಂಗ್‌ಗೆ ಹೋಗೋವರಿದ್ರು. ಒಬ್ಬ ಕಮ್ಯುನಿಸ್ಟನ ಗೆಳೆತನಕ್ಕಾಗಿ ಒಂದು ಪ್ರಜಾಪ್ರಭುತ್ವದ ಮ್ಯಾಲೆ ಡಿಸೆಂಬರ್‌ನ್ಯಾಗ ಎಂಟರ್‌ಪ್ರೈಸ್ ಹಡಗ ಕಳಿಸಿದ್ರು. ನಮ್ಮಪ್ಪ ರೇಡಿಯೋಕ್ಕ ಕಿವಿ ಹಚ್ಚಿ ಕೂತಿದ್ದು ನನಗ ಈಗೂ ಕಣ್ಣ ಮುಂದ ಐತಿ.

ಡಲ್ಲೆಸ್ 1956ರಾಗ ಅಲಿಪ್ತ ನೀತಿ ಅನೈತಿಕ ಅಂದಿದ್ರು. ಹದಿನೈದು ವರ್ಷಕ್ಕ ಅವರ ಪಕ್ಷದವರ ಮಾವೋನ ಮನಿಗೆ ಹೋದ್ರು.

ಓಹಾಯೋದವ

ಧಾರವಾಡಿ ಅಣ್ಣ, ನೀವು ಹೇಳಿದ್ದು ಪೂರ್ತಿ ಸರಿ, ಆದರೆ ಒಂದು ಸೇರಿಸಬೇಕು. ಆ ಚೀನಾ ಪ್ರಯಾಣ ಕಂಡು ಸಿಟ್ಟಾದವರಲ್ಲಿ ಮೊದಲಿಗರು ಕನ್ಸರ್ವೇಟಿವ್‌ಗಳೇ. ಬಕ್ಲಿ ಮತ್ತು ಹನ್ನೊಂದು ಜನ 1971ರ ಜುಲೈನಲ್ಲಿ ನಿಕ್ಸನ್‌ಗೆ ಬೆಂಬಲ ನಿಲ್ಲಿಸಿದ್ದೇವೆ ಅಂತ ಹೇಳಿಕೆ ಕೊಟ್ಟರು. ನಮ್ಮ ಓಹಾಯೋದ ಸಂಸದ ಜಾನ್ ಆಶ್‌ಬ್ರೂಕ್ ಮರುವರ್ಷ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ನಿಕ್ಸನ್ ವಿರುದ್ಧ ನಿಂತರು. ಹೀನಾಯವಾಗಿ ಸೋತರು, ಅದು ಬೇರೆ ಮಾತು.

ನಿರ್ವಾಹಕರು

ದಯವಿಟ್ಟು ಗಮನಿಸಿ: ಈಗಿನ ಚುನಾವಣೆಯ ಬಗ್ಗೆ ಬಂದ ನಾಲ್ಕು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಚರ್ಚೆ ಚೆನ್ನಾಗಿ ನಡೆಯುತ್ತಿದೆ, ವಿಷಯದ ಮೇಲೆಯೇ ಇರಲಿ.

ಹತ್ತಿಗಿರಣಿ

ಎಲ್ಲವನ್ನೂ ಅಪ್ಪನಿಗೆ ಓದಿ ಹೇಳುತ್ತಿದ್ದೇನೆ. ಹಂಗೇರಿ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಯೂನಿಯನ್ ಕಚೇರಿಯಲ್ಲಿ ಅದನ್ನು ಯಾರೂ ಯಾವತ್ತೂ ಹೇಳಿರಲಿಲ್ಲವಂತೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ರೇಗನ್ ಏನು ಮಾಡಿದ ಕೇಳು" ಅಂದರು.

ಓಹಾಯೋದವ

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ ಅಕ್ಕ. ರೇಗನ್ ಬಗ್ಗೆ ಎಲ್ಲರಿಗೂ ಗೊತ್ತಿರೋದು ಬಿಟ್ಟು ಹೇಳ್ತೀನಿ.

1983ರ ಮಾರ್ಚ್ 8ಕ್ಕೆ ಫ್ಲೋರಿಡಾದಲ್ಲಿ ಪಾದ್ರಿಗಳ ಮುಂದೆ ಸೋವಿಯತ್ ಒಕ್ಕೂಟವನ್ನು ದುಷ್ಟ ಸಾಮ್ರಾಜ್ಯ ಅಂದ ರೇಗನ್ ಎಲ್ಲರಿಗೂ ಗೊತ್ತು. 1984ರ ಜನವರಿಯ ಭಾಷಣ ಕಡಿಮೆ ಜನಕ್ಕೆ ಗೊತ್ತು. ಅದರ ಕೊನೆಗೆ ಒಂದು ಪುಟ್ಟ ಕಥೆ ಇದೆ. ಇವಾನ್, ಆನ್ಯಾ ಅಂತ ರಷ್ಯನ್ ಗಂಡ-ಹೆಂಡತಿ, ಜಿಮ್, ಸ್ಯಾಲಿ ಅಂತ ಅಮೆರಿಕದವರು, ಮಳೆ ಬಂದು ಒಂದೇ ಸೂರಿನಡಿ ನಿಂತರೆ ಏನು ಮಾತಾಡ್ತಾರೆ? ಮಕ್ಕಳ ಬಗ್ಗೆ, ಕೆಲಸದ ಬಗ್ಗೆ. ಆ ಭಾಗ ರೇಗನ್ ಅವರೇ ಸೇರಿಸಿದ್ದು. ಅಣ್ವಸ್ತ್ರ ಅಂದರೆ ಅವರಿಗೆ ನಿಜವಾಗಿ ಅಸಹ್ಯ ಇತ್ತು. ಅವರ ಸುತ್ತ ಇದ್ದ ಎಷ್ಟೋ ಜನಕ್ಕೆ ಅದು ಅರ್ಥ ಆಗಿರಲಿಲ್ಲ.

1986ರ ಅಕ್ಟೋಬರ್‌ನಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಅವರು, ಸೋವಿಯತ್ ನಾಯಕ ಗೋರ್ಬಚೆವ್ ಇಬ್ಬರೂ ಸೇರಿ ಎಲ್ಲ ಅಣ್ವಸ್ತ್ರ ತೆಗೆದುಹಾಕುವ ಮಾತಿನ ತುದಿವರೆಗೂ ಹೋದರು. ಬಾಹ್ಯಾಕಾಶದ ಕ್ಷಿಪಣಿ ತಡೆ ಯೋಜನೆಯನ್ನು ಪ್ರಯೋಗಾಲಯದ ಒಳಗೇ ಇಡಬೇಕು ಅನ್ನೋ ಷರತ್ತಿನ ಮೇಲೆ ಮುರಿದುಬಿತ್ತು. ಆದರೂ 1987ರ ಡಿಸೆಂಬರ್ 8ಕ್ಕೆ ಮಧ್ಯಮ ವ್ಯಾಪ್ತಿ ಕ್ಷಿಪಣಿಗಳ ಒಪ್ಪಂದಕ್ಕೆ ಸಹಿ ಬಿತ್ತು. 500ರಿಂದ 5500 ಕಿಲೋಮೀಟರ್ ಹೋಗುವ, ನೆಲದಿಂದ ಹಾರಿಸುವ ಕ್ಷಿಪಣಿಗಳೆಲ್ಲ ಹೋಗಬೇಕು. 1991ರ ಹೊತ್ತಿಗೆ 2692 ಕ್ಷಿಪಣಿ ಒಡೆದು ಹಾಕಿದರು, ಹೆಚ್ಚಿನವು ಸೋವಿಯತ್ತಿನವು.

ಆಗ ರೇಗನ್‌ರನ್ನು ಬೈದವರು ಯಾರು? ಅವರ ಹಳೆಯ ಜೊತೆಗಾರರೇ. ಹಿಟ್ಲರನ ಮುಂದೆ ಬಾಗಿದ ಚೇಂಬರ್ಲಿನ್‌ಗೆ ಹೋಲಿಸಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಸೆನೆಟ್‌ನಲ್ಲಿ 93-5ರಿಂದ ಒಪ್ಪಂದ ಪಾಸಾಯಿತು. ವಿರುದ್ಧ ಬಿದ್ದ ಐದರಲ್ಲಿ ಕನ್ಸರ್ವೇಟಿವ್‌ಗಳ ಹುಲಿ ಜೆಸ್ಸಿ ಹೆಲ್ಮ್ಸ್ ಮತ ಇತ್ತು. 1988ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ಪತ್ರಕರ್ತರು "ಈಗಲೂ ದುಷ್ಟ ಸಾಮ್ರಾಜ್ಯವೇ?" ಅಂತ ಕೇಳಿದಾಗ ರೇಗನ್, ಇಲ್ಲ, ಅದು ಬೇರೆ ಕಾಲದ ಮಾತು ಅಂದರು.

ನಾನು ಅವರಿಗೆ ತಲೆಬಾಗೋದು ಆ ಉತ್ತರಕ್ಕೆ. ಬೈಯೋದಕ್ಕೆ ಧೈರ್ಯ ಬೇಕಿತ್ತು, ಸರಿ. ಎದುರಿನ ಮನುಷ್ಯ ಬದಲಾಗಿದ್ದಾನೆ ಅಂತ ಗುರುತಿಸಿ, ತನ್ನ ಕಡೆಯವರ ಬೈಗುಳ ತಿಂದು ಕೈ ಚಾಚೋದಕ್ಕೆ ಇನ್ನೂ ಹೆಚ್ಚು ಧೈರ್ಯ ಬೇಕು.

ಶರಾವತಿಹಿನ್ನೀರು

ಗೆದ್ದದ್ದು ರೇಗನ್ ಒಬ್ಬರೇ ಅಂತ ಆಗಬಾರದು. ಕಮ್ಯುನಿಸ್ಟ್ ಆಳ್ವಿಕೆಯ ವಿರುದ್ಧ ನಿಂತ ಪೋಲೆಂಡಿನ ಗ್ಡಾನ್ಸ್ಕ್ ಹಡಗುಕಟ್ಟೆಯ ಕೂಲಿಗಳು ಇದ್ದರು. ಅವರದ್ದೂ ಒಂದು ಯೂನಿಯನ್ನೇ, ನಿಮ್ಮ ತಂದೆಯವರಿಗೆ ಹೇಳಿ. 1986ರಲ್ಲಿ ತೈಲದ ಬೆಲೆ ಕುಸಿದು ಮಾಸ್ಕೋದ ಖಜಾನೆ ಬರಿದಾಗಿತ್ತು. ಟ್ಯಾಂಕ್ ಕಳಿಸಬಹುದಾಗಿದ್ದ ಗೋರ್ಬಚೆವ್ 1989ರಲ್ಲಿ ಕಳಿಸಲಿಲ್ಲ. ಅದೇ ರೇಗನ್ ಕಾಲದಲ್ಲಿ ನಿಕರಾಗುವಾ, ಎಲ್ ಸಾಲ್ವಡಾರ್‌ಗಳಲ್ಲಿ ಹರಿದ ರಕ್ತವನ್ನೂ ನಾನು ಮರೆಯಲಾರೆ.

ಹತ್ತಿಗಿರಣಿ

ವಕೀಲರು ಫೋನ್ ಮಾಡಿದ್ದರು. ಅಪ್ಪನ ವಿಷಯದಲ್ಲಿ ಯೂನಿಯನ್ ಸದಸ್ಯತ್ವವನ್ನು ಮುಚ್ಚಿಡದೆ ಬರೆಯಿರಿ, ಪಕ್ಷದ ಪ್ರಶ್ನೆಗೆ 'ಇಲ್ಲ' ಎನ್ನಿ ಅಂದರು. ಪಕ್ಷದ ಸದಸ್ಯರೇ ಆಗಿದ್ದವರಿಗೂ, ಬಿಟ್ಟು ಕೆಲವು ವರ್ಷವಾಗಿದ್ದರೆ ವಿನಾಯಿತಿ ಕೊಡುವ ಅವಕಾಶ 1990ರ ತಿದ್ದುಪಡಿಯಲ್ಲಿ ಇದೆಯಂತೆ. ಎಲ್ಲರೂ ಅವರವರ ವಕೀಲರನ್ನೇ ಕೇಳಿ.

ಯೂನಿಯನ್ ಹೆಸರನ್ನು ಅಪ್ಪ ತಾವೇ ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಬರೆಸಿದರು. ಬರೆಸಿದ ಮೇಲೆ ಮುಖ ಹಗುರಾಯಿತು. ಹಡಗುಕಟ್ಟೆಯವರ ಯೂನಿಯನ್ ಮಾತು ಕೇಳಿ "ಅವರಿಗೂ ಬೋನಸ್ ಕೊಡ್ತಿರಲಿಲ್ವಾ?" ಅಂದರು. ಆಮೇಲೆ ಓಹಾಯೋದವರಿಗೊಂದು ಪ್ರಶ್ನೆ: ಆ ಹದಿಮೂರು ಜನರಲ್ಲಿ ಒಬ್ಬರು, ಟಾಫ್ಟ್, ಆಮೇಲೆ ಏನಾದರು?

ಓಹಾಯೋದವ

1952ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಟಿಕೆಟ್ ಕೇಳಿದರು. ನೇಟೋದ ಮೊದಲ ಸೇನಾ ಮುಖ್ಯಸ್ಥರಾಗಿದ್ದ ಐಸೆನ್ಹೋವರ್ ಎದುರು ಸೋತರು. ಸೋತರೂ ಮುನಿಸಿಕೊಳ್ಳದೆ ಸೆನೆಟ್‌ನಲ್ಲಿ ಅವರ ಪರವಾಗಿಯೇ ಕೆಲಸ ಮಾಡಿದರು. ಕ್ಯಾನ್ಸರ್ ಬಂತು. 1953ರ ಜುಲೈ 31ಕ್ಕೆ ತೀರಿಕೊಂಡರು, ಕೊರಿಯಾ ಕದನವಿರಾಮಕ್ಕೆ ಸಹಿ ಬಿದ್ದ ನಾಲ್ಕು ದಿನಕ್ಕೆ.

ಅಪ್ಪನನ್ನು ವಾಷಿಂಗ್ಟನ್‌ಗೆ ಕರೆದುಕೊಂಡು ಹೋದರೆ ಕ್ಯಾಪಿಟಲ್ ಕಟ್ಟಡದ ಹತ್ತಿರವೇ ಅವರ ನೆನಪಿಗೆ ಕಟ್ಟಿದ ಗಂಟೆಗೋಪುರ ಇದೆ. 27 ಗಂಟೆಗಳು. ಕಾಲು ಗಂಟೆಗೊಮ್ಮೆ ಬಾರಿಸುತ್ತವೆ, ಹೊರಗಿನ ಹುಲ್ಲುಹಾಸಿನ ಮೇಲೆ ಕೂತೇ ಕೇಳಬಹುದು.